ಅಕೌಂಟ್ಸ್ ಕೆಲಸ ಹೋಯಿತೇ? ನಿಮ್ಮ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

"ಟ್ಯಾಲಿ ಗೊತ್ತಿರುವವರು ಬೇಕಾಗಿದ್ದಾರೆ. ಮನೆಯಿಂದಲೇ ಕೆಲಸ. ತಿಂಗಳಿಗೆ 35,000. ಅನುಭವ ಬೇಡ. ನೋಂದಣಿ ಶುಲ್ಕ 1,499 ಮಾತ್ರ, ಮೊದಲ ಸಂಬಳದಲ್ಲಿ ವಾಪಸ್."

ಇಂಥ ಒಂದು ಸಂದೇಶವನ್ನು ತುಮಕೂರಿನ ಓದುಗರೊಬ್ಬರು ನಮಗೆ ಕಳಿಸಿ, "ಇದು ನಿಜಾನಾ? ಆಧಾರ್, ಪ್ಯಾನ್ ಆಗಲೇ ಕಳಿಸಿಬಿಟ್ಟಿದ್ದೀನಿ. ದುಡ್ಡು ಮಾತ್ರ ಇನ್ನೂ ಹಾಕಿಲ್ಲ" ಎಂದು ಕೇಳಿದರು. ಬಿ.ಕಾಂ ಮುಗಿಸಿದ ಅವರು ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದರು. ಎರಡು ವರ್ಷ ಎಂಟು ತಿಂಗಳ ಸೇವೆ, 18,500 ರೂಪಾಯಿ ಸಂಬಳ. ಫೆಬ್ರುವರಿ ಮೊದಲ ವಾರ ಆರ್ಡರ್ ಕಡಿಮೆಯಾಗಿದೆ ಎಂದು ನಾಲ್ವರನ್ನು ಮನೆಗೆ ಕಳಿಸಿದರು. ಕಳಿಸುವಾಗ ಒಂದು ಟೈಪ್ ಮಾಡಿದ ಹಾಳೆಗೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನಿತ್ತು ಎಂದು ನಾವು ಕೇಳಿದಾಗ ಬಂದ ಉತ್ತರ: "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ ಅಂತ."

ಆಮೇಲಿನ ದಿನಗಳಲ್ಲಿ ಅವರ ಮೊಬೈಲಿಗೆ ಬಂದ ಸಲಹೆ, ಜಾಹೀರಾತು, ಎಚ್ಚರಿಕೆಗಳನ್ನೆಲ್ಲ ಕಳಿಸಿಕೊಡಿ ಎಂದೆವು. ಅವೆಲ್ಲ ಒಬ್ಬರಿಗೆ ಮಾತ್ರ ಬಂದಿರುವುದಲ್ಲ. ಹಾಗಾಗಿ ಒಂದೊಂದಾಗಿ ನೋಡೋಣ.

ನೋಂದಣಿ ಶುಲ್ಕ ಕೇಳುವ ಕೆಲಸ

ಇದಕ್ಕೆ ಉತ್ತರ ಸುಲಭ. ಸಂಬಳ ಕೊಡಬೇಕಾದವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಅದಕ್ಕೆ ನೋಂದಣಿ, ಟ್ರೈನಿಂಗ್ ಕಿಟ್, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಯಾವ ಹೆಸರಿಟ್ಟರೂ ಅಷ್ಟೇ. 1,499 ಹೋದರೆ ಹೋಯಿತು, ಅದೊಂದು ಪಾಠ ಎಂದುಕೊಳ್ಳಬಹುದು. ನಮಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ಓದುಗರು ಈಗಾಗಲೇ ಕಳಿಸಿದ್ದ ಆಧಾರ್ ಮತ್ತು ಪ್ಯಾನ್.

ಕೆಲಸ ಹುಡುಕುವವರ ಪ್ಯಾನ್, ಆಧಾರ್ ಬಳಸಿ ಅವರ ಹೆಸರಲ್ಲೇ ಜಿಎಸ್‌ಟಿ ನೋಂದಣಿ ಮಾಡಿಸಿ, ಇಲ್ಲದ ಸರಕಿಗೆ ಬಿಲ್ ಹರಿಯುವ ದಂಧೆ ದೇಶದ ಹಲವು ಕಡೆ ಬಯಲಾಗಿದೆ. ನೋಟಿಸು ಬರುವುದು ಮಾತ್ರ ಪ್ಯಾನ್ ಯಾರದೋ ಅವರ ಮನೆಗೆ. ನಿಮ್ಮ ಹೆಸರಲ್ಲಿ ಹೀಗೇನಾದರೂ ಆಗಿದೆಯೇ ಎಂದು ನೋಡಲು ಲಾಗಿನ್ ಕೂಡ ಬೇಡ. ಜಿಎಸ್‌ಟಿ ಪೋರ್ಟಲ್‌ನಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಒಳಗೆ 'ಸರ್ಚ್ ಬೈ ಪ್ಯಾನ್' ಎಂಬ ಆಯ್ಕೆ ಇದೆ. ಪ್ಯಾನ್ ಸಂಖ್ಯೆ ಹಾಕಿದರೆ ಅದರ ಮೇಲೆ ಯಾವ ರಾಜ್ಯದಲ್ಲಿ ನೋಂದಣಿ ಆಗಿದ್ದರೂ ಪಟ್ಟಿ ಬರುತ್ತದೆ. ನಮ್ಮ ಓದುಗರ ಪ್ಯಾನ್ ಮೇಲೆ ಸದ್ಯ ಏನೂ ಇರಲಿಲ್ಲ. ತಿಂಗಳಿಗೊಮ್ಮೆ ನೋಡುತ್ತಿರಿ ಎಂದು ಹೇಳಿದ್ದೇವೆ. ಮುಂದೆ ಯಾರಿಗಾದರೂ ಆಧಾರ್ ಕೊಡಲೇಬೇಕಾಗಿ ಬಂದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಅನ್ನು ಯುಐಡಿಎಐ ಜಾಲತಾಣದಿಂದ ಇಳಿಸಿಕೊಂಡು ಕೊಡಿ.

ಇದಕ್ಕಿಂತ ಕೆಟ್ಟದು ಇನ್ನೊಂದಿದೆ. ಅದು ಅಕೌಂಟ್ಸ್ ಓದಿದವರನ್ನೇ ಹುಡುಕಿಕೊಂಡು ಬರುತ್ತದೆ. "ಪೇಮೆಂಟ್ ಎಕ್ಸಿಕ್ಯೂಟಿವ್ ಬೇಕು. ಗ್ರಾಹಕರ ಹಣ ನಿಮ್ಮ ಖಾತೆಗೆ ಬರುತ್ತದೆ, ನಾವು ಹೇಳಿದ ಖಾತೆಗಳಿಗೆ ಹಂಚಿ, ಶೇ 2 ಕಮಿಷನ್ ಇಟ್ಟುಕೊಳ್ಳಿ." ಓದಲು ಲೆಕ್ಕಪತ್ರದ ಕೆಲಸದ ಹಾಗೇ ಇದೆ. ಆದರೆ ಯಾವ ಸಂಸ್ಥೆಯೂ ತನ್ನ ವಹಿವಾಟನ್ನು ನೌಕರರ ಉಳಿತಾಯ ಖಾತೆಯಲ್ಲಿ ನಡೆಸುವುದಿಲ್ಲ. ಹಾಗೆ ಬರುವ ಹಣ ಇನ್ಯಾರಿಂದಲೋ ವಂಚಿಸಿ ದೋಚಿದ್ದು. ಪೊಲೀಸರು ಇಂಥ ಖಾತೆಯನ್ನು 'ಮ್ಯೂಲ್ ಅಕೌಂಟ್' ಎನ್ನುತ್ತಾರೆ, ಅಂದರೆ ಹೊರೆ ಹೊರುವ ಹೇಸರಗತ್ತೆ. ದೂರು ದಾಖಲಾದಾಗ ಮೊದಲು ಸ್ತಂಭನವಾಗುವುದು ಈ ಖಾತೆ, ಮೊದಲು ಠಾಣೆಗೆ ಕರೆಸಿಕೊಳ್ಳುವುದೂ ಇದರ ಮಾಲೀಕರನ್ನು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

"ಲೇ-ಆಫ್ ಮಾಡಿದರೆ ಕಂಪನಿ ಅರ್ಧ ಸಂಬಳ ಕೊಡಲೇಬೇಕು"

ಅರ್ಧ ಸತ್ಯ, ಮತ್ತು ತಪ್ಪು ಅರ್ಧವೇ ಹೆಚ್ಚು ಹರಿದಾಡುತ್ತಿದೆ. ನಮ್ಮ ಕಾನೂನಿನಲ್ಲಿ ಲೇ-ಆಫ್ ಎಂದರೆ ಕೆಲಸ ಹೋಗುವುದಲ್ಲ. ಕಚ್ಚಾವಸ್ತು, ವಿದ್ಯುತ್ ಇತ್ಯಾದಿ ಇಲ್ಲದೆ ಕೆಲವು ದಿನ ಕೆಲಸ ಕೊಡಲಾಗದೆ ಕೂರಿಸುವುದು. ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. ಅರ್ಧ ವೇತನದ ಮಾತು ಬರುವುದು ಅಲ್ಲಿ, ಅದೂ ಎಲ್ಲ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ನಾವು ಮಾತಿನಲ್ಲಿ ಲೇ-ಆಫ್ ಎನ್ನುವುದಕ್ಕೆ ಕಾನೂನಿನ ಹೆಸರು ರಿಟ್ರೆಂಚ್‌ಮೆಂಟ್.

ರಿಟ್ರೆಂಚ್‌ಮೆಂಟ್‌ಗೆ ಒಂದು ತಿಂಗಳ ಮುಂಚಿತ ನೋಟಿಸು ಇಲ್ಲವೇ ಆ ತಿಂಗಳ ವೇತನ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನೂ ಒಂದು ವರ್ಷವೆಂದೇ ಎಣಿಸಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಕನಿಷ್ಠ ಒಂದು ವರ್ಷ ಎಡೆಬಿಡದ ಸೇವೆ ಆಗಿರಬೇಕು. "ಆಫೀಸಲ್ಲಿ ಕೂತು ಕೆಲಸ ಮಾಡುವವರಿಗೆ ಇದೆಲ್ಲ ಇಲ್ಲ, ಫ್ಯಾಕ್ಟರಿ ಕಾರ್ಮಿಕರಿಗೆ ಮಾತ್ರ" ಎಂಬ ಮಾತು ಸರಿಯಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಗುಮಾಸ್ತೆ ಕೆಲಸವೂ ಸೇರಿದೆ. ನೇಮಕಾತಿ ಪತ್ರದಲ್ಲಿ 'ಎಕ್ಸಿಕ್ಯೂಟಿವ್' ಎಂದಿದ್ದರೂ ದಿನವಿಡೀ ಮಾಡಿದ್ದು ವೋಚರ್ ನಮೂದು, ಬ್ಯಾಂಕ್ ತಾಳೆ ಆಗಿದ್ದರೆ, ನೋಡುವುದು ಕೆಲಸವನ್ನೇ ಹೊರತು ಹುದ್ದೆಯ ಹೆಸರನ್ನಲ್ಲ.

ನಮ್ಮ ಓದುಗರ ಲೆಕ್ಕ ಹಾಕಿ ನೋಡಿ. ಎರಡು ವರ್ಷ ಎಂಟು ತಿಂಗಳು, ಅಂದರೆ ಮೂರು ವರ್ಷದ ಎಣಿಕೆ, 45 ದಿನಗಳ ವೇತನ. ನೋಟಿಸಿನ ಒಂದು ತಿಂಗಳು ಸೇರಿಸಿದರೆ ಎರಡೂವರೆ ತಿಂಗಳ ಸಂಬಳ, ಸುಮಾರು 46,000 ರೂಪಾಯಿ. ಆ ಒಂದು ಹಾಳೆಯ ಬೆಲೆ ಇದು. ತಾವಾಗಿಯೇ ಬಿಟ್ಟವರಿಗೆ ಈ ಪರಿಹಾರ ಇಲ್ಲ. ಅದಕ್ಕೇ "ರಾಜೀನಾಮೆ ಕೊಟ್ಟರೆ ಮುಂದೆ ನಿಮಗೇ ಒಳ್ಳೆಯದು, ರೆಸ್ಯೂಮೆಯಲ್ಲಿ ಕಪ್ಪುಚುಕ್ಕೆ ಇರಲ್ಲ" ಎಂದು ಪ್ರೀತಿಯಿಂದ ಹೇಳುತ್ತಾರೆ.

ಸಹಿ ಹಾಕಿಯಾಗಿದೆ, ಈಗೇನು? ಒತ್ತಡದಲ್ಲಿ ಬರೆಸಿಕೊಂಡ ರಾಜೀನಾಮೆಯನ್ನು ಪ್ರಶ್ನಿಸಬಹುದು. ತಡವಾದಷ್ಟೂ ನಂಬಿಸುವುದು ಕಷ್ಟ. ಅಂದೇ ಅಥವಾ ಮರುದಿನವೇ ಸಂಸ್ಥೆಗೆ ಒಂದು ಇಮೇಲ್ ಬರೆಯಿರಿ: ಇಂಥ ದಿನ ಇಂಥವರು ಕರೆದು, ಕೆಲಸ ಇಲ್ಲ ಎಂದು ಹೇಳಿ ಈ ಪತ್ರಕ್ಕೆ ಸಹಿ ಹಾಕಿಸಿಕೊಂಡರು ಎಂದು. ಎಚ್‌ಆರ್ ವಾಟ್ಸಾಪ್‌ನಲ್ಲಿ "ನಾಳೆಯಿಂದ ಬರಬೇಡಿ" ಎಂದು ಕಳಿಸಿದ್ದರೆ ಅದನ್ನು ಅಳಿಸಬೇಡಿ. ಆ ಮೇಲೆ ಕಾರ್ಮಿಕ ಇಲಾಖೆಗೆ ದೂರು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಗೊತ್ತಿರುತ್ತದೆ, ಜಿಲ್ಲೆಗಳಲ್ಲೂ ಕಚೇರಿಗಳಿವೆ. ಇನ್ನು ದುಡಿದ ದಿನಗಳ ಸಂಬಳಕ್ಕೆ ರಾಜೀನಾಮೆಯೋ ಕಡಿತವೋ ಎಂಬ ವ್ಯತ್ಯಾಸವೇ ಇಲ್ಲ. ವೇತನ ಸಂಹಿತೆಯ ಪ್ರಕಾರ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. "ಫುಲ್ ಆ್ಯಂಡ್ ಫೈನಲ್ 45 ದಿನ ಆಗುತ್ತೆ" ಎಂಬುದು ರೂಢಿ, ಕಾನೂನಲ್ಲ.

"ಇನ್ನು ಪಿಎಫ್ ಹಣ ಒಂದು ವರ್ಷ ಸಿಗಲ್ಲ"

2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ತೆಗೆದುಕೊಂಡ ತೀರ್ಮಾನದ ಬಾಲ ಮಾತ್ರ ಹಿಡಿದುಕೊಂಡು ಹುಟ್ಟಿದ ಫಾರ್ವರ್ಡ್ ಇದು. ಖಾತೆಯಲ್ಲಿ ಶೇ 25 ಉಳಿಸಿ ಮಿಕ್ಕ ಶೇ 75ನ್ನು ಕೆಲಸ ಹೋದ ತಕ್ಷಣ ತೆಗೆಯಬಹುದು ಎಂಬುದು ತೀರ್ಮಾನದ ತಲೆ. ಪೂರ್ತಿ ಖಾಲಿ ಮಾಡಿ ಮುಚ್ಚಲು ಮೊದಲು ಎರಡು ತಿಂಗಳು ಕಾಯಬೇಕಿತ್ತು, ಅದು 12 ತಿಂಗಳಾಯಿತು ಎಂಬುದು ಬಾಲ.

ತೆಗೆಯಬೇಕೇ ಎಂಬುದು ಬೇರೆ ಪ್ರಶ್ನೆ. ಐದು ವರ್ಷ ತುಂಬುವ ಮೊದಲು ತೆಗೆದರೆ ಅದು ತೆರಿಗೆಗೆ ಒಳಪಡುವ ಆದಾಯ. ಮೊತ್ತ 50,000 ದಾಟಿದರೆ ಶೇ 10 ಟಿಡಿಎಸ್ ಕಡಿತವಾಗಿ ಬರುತ್ತದೆ. ಬಾಡಿಗೆಗೆ ಬೇರೆ ದಾರಿಯೇ ಇಲ್ಲ ಎಂದರೆ ತೆಗೆಯಿರಿ. ಇಲ್ಲವಾದರೆ ಹೊಸ ಕೆಲಸಕ್ಕೆ ವರ್ಗಾಯಿಸುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಬಹಳ ಜನರಿಗೆ ಗೊತ್ತೇ ಇಲ್ಲದ ಇಎಸ್‌ಐ ನೆರವು

ಈ ವಿಷಯದ ಫಾರ್ವರ್ಡ್ ನಮಗೆ ಒಂದೂ ಸಿಗಲಿಲ್ಲ. ಸಂಬಳ 21,000ದ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ, 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ' ಅಡಿಯಲ್ಲಿ ನಿರುದ್ಯೋಗದ ಅವಧಿಗೆ ಗರಿಷ್ಠ 90 ದಿನ, ದಿನದ ಸರಾಸರಿ ಗಳಿಕೆಯ ಅರ್ಧದಷ್ಟು ನೆರವು ಸಿಗುತ್ತದೆ. 2018ರಲ್ಲಿ ಆರಂಭವಾದಾಗ ಇದು ಶೇ 25 ಇತ್ತು, 2020ರಲ್ಲಿ ಶೇ 50ಕ್ಕೆ ಏರಿತು. ಜೀವಮಾನದಲ್ಲಿ ಒಮ್ಮೆ ಮಾತ್ರ. ಕೆಲಸ ಹೋಗಿ 30 ದಿನ ಆಗಿರಬೇಕು, ಹಿಂದಿನ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿದ್ದಿರಬೇಕು, ವಂತಿಗೆಯ ದಿನಗಳ ಲೆಕ್ಕವೂ ಕೂಡಬೇಕು. ದುರ್ನಡತೆಗೆ ವಜಾ ಆದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇಲ್ಲ. ಇಲ್ಲೂ ಆ ಹಾಳೆ ಅಡ್ಡ ಬರಬಹುದು, ನೋಡಿ. 18,500 ಸಂಬಳದವರಿಗೆ ಒಟ್ಟು ಸುಮಾರು 27,000 ರೂಪಾಯಿ. ಇದು ಅವಧಿ ಮುಗಿದಂತೆ ವಿಸ್ತರಣೆಯಾಗುತ್ತಾ ಬಂದಿರುವ ಯೋಜನೆಯಾದ್ದರಿಂದ, ಅರ್ಜಿ ಹಾಕುವ ಮೊದಲು ಇಎಸ್‌ಐ ಶಾಖಾ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಇನ್ನೊಂದು: ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಸಿಗುವ ಸೌಲಭ್ಯ ಮುಂದಿನ ಜುಲೈನಿಂದ ಡಿಸೆಂಬರ್ ತನಕ. ಆ ಅವಧಿಯಲ್ಲಿ 78 ದಿನಗಳ ವಂತಿಗೆ ಬಿದ್ದಿದ್ದರೆ ಸಾಕು. ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡ ನಮ್ಮ ಓದುಗರ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಈ ಡಿಸೆಂಬರ್‌ವರೆಗೂ ಅಲ್ಲಿಂದಲೇ ಬರುತ್ತದೆ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಫೋನಿನಲ್ಲಿ ಏನೂ ಮಾತಾಡಲಿಲ್ಲ.

"ಕೆಲಸ ಕಳೆದುಕೊಂಡವರಿಗೆ ಯುವನಿಧಿ 3,000" ಎಂಬುದು ಮಾತ್ರ ಸುಳ್ಳು. ಯುವನಿಧಿ ಇರುವುದು 2022-23 ಮತ್ತು ಆಮೇಲೆ ಪದವಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಇದ್ದ ಕೆಲಸ ಹೋದವರಿಗಲ್ಲ.

"ಈ ಕೋರ್ಸ್ ಮಾಡಿ, ಕೆಲಸ ಗ್ಯಾರಂಟಿ"

ಕೆಲಸ ಹೋದವರ ಬಳಿ ಇರುವ ಕೊನೆಯ ಹದಿನೈದು ಇಪ್ಪತ್ತು ಸಾವಿರದ ಮೇಲೆ ಕಣ್ಣಿಟ್ಟ ಜಾಹೀರಾತುಗಳಿವು. ಕಲಿಯುವುದು ತಪ್ಪಲ್ಲ. ಆದರೆ ಎರಡು ವರ್ಷ ಟ್ಯಾಲಿಯಲ್ಲಿ ಕೆಲಸ ಮಾಡಿದವರು ಮತ್ತೆ ಟ್ಯಾಲಿ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವುದರಿಂದ ಏನೂ ಬದಲಾಗದು. ಬರೀ ಅಭ್ಯಾಸ ಬೇಕಿದ್ದರೆ ಟ್ಯಾಲಿಪ್ರೈಮ್ ಅನ್ನು ಲೈಸೆನ್ಸ್ ಇಲ್ಲದೆ 'ಎಜುಕೇಷನಲ್ ಮೋಡ್'ನಲ್ಲಿ ಉಚಿತವಾಗಿ ಬಳಸಬಹುದು. ತಿಂಗಳ 1, 2 ಮತ್ತು 31ನೇ ತಾರೀಖಿನ ನಮೂದುಗಳನ್ನು ಮಾತ್ರ ಅದು ಒಪ್ಪುತ್ತದೆ. ಕೈ ಪಳಗಿಸಲು ಅಷ್ಟು ಸಾಕು.

ಸಣ್ಣ ಸಂಸ್ಥೆಯ ಮಾಲೀಕರು, ಆಡಿಟರ್ ಆಫೀಸಿನವರು ಸಂದರ್ಶನದಲ್ಲಿ ನಿಜವಾಗಿ ತಿಳಿಯಬಯಸುವುದು ಒಂದೇ: ತಾರೀಖು ತಪ್ಪದೆ ಇವರು ಕೆಲಸ ಮುಗಿಸುತ್ತಾರಾ? ಅಕೌಂಟ್ಸ್‌ನವರ ತಿಂಗಳು ಕ್ಯಾಲೆಂಡರಿನ ಹಾಗಿರುವುದಿಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1. 14ಕ್ಕೆ 2ಬಿ ಬರುತ್ತದೆ, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ 3ಬಿ. ನಡುವೆ ಬ್ಯಾಂಕ್ ತಾಳೆ. ಇದರಲ್ಲಿ ಯಾವುದನ್ನು ನೀವು ಸ್ವತಃ ಮಾಡಿದ್ದೀರಿ, ಯಾವುದಕ್ಕೆ ಬರೀ ಕಾಗದ ಒದಗಿಸಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿ ರೆಸ್ಯೂಮೆಯಲ್ಲಿ ಬರೆಯಬೇಕು. ನಮ್ಮ ಓದುಗರ ಹಳೆಯ ರೆಸ್ಯೂಮೆಯಲ್ಲಿ "ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಜ್ಞಾನ, ಶ್ರಮಜೀವಿ" ಎಂದಿತ್ತು. ಕೂತು ಮಾತಾಡಿದ ಮೇಲೆ ಹೀಗಾಯಿತು: "ತಿಂಗಳಿಗೆ ಸುಮಾರು 250 ಖರೀದಿ ಬಿಲ್ ನಮೂದು. 2ಬಿ ಜೊತೆ ತಾಳೆ, ಕಾಣದ ಬಿಲ್‌ಗಳಿಗೆ ಸರಬರಾಜುದಾರರಿಗೆ ಕರೆ. ಎರಡು ಬ್ಯಾಂಕ್ ಖಾತೆಗಳ ತಾಳೆ. ಇ-ವೇ ಬಿಲ್. 3ಬಿ ಆಡಿಟರ್ ಸಲ್ಲಿಸುತ್ತಿದ್ದರು, ಅದರ ಲೆಕ್ಕದ ಹಾಳೆ ನಾನು ತಯಾರಿಸುತ್ತಿದ್ದೆ." ಕೊನೆಯ ಸಾಲು ತೆಗೆಯಲೇ ಎಂದು ಅವರು ಕೇಳಿದರು. ಬೇಡ ಎಂದೆವು. ಎಲ್ಲ ನಾನೇ ಮಾಡಿದೆ ಎನ್ನುವವರ ಬಣ್ಣ ಐದು ನಿಮಿಷದ ಪರೀಕ್ಷೆಯಲ್ಲಿ ಬಯಲಾಗುತ್ತದೆ.

ಹೌದು, ಪರೀಕ್ಷೆ ಇರುತ್ತದೆ. ಹೊಸೂರಿನಿಂದ ಬಂದ ಸರಕಿನ ಬಿಲ್ ಕೊಟ್ಟು ನಮೂದಿಸಿ ಎನ್ನಬಹುದು. ಹೊಸೂರು ತಮಿಳುನಾಡು, ಹಾಗಾಗಿ ಐಜಿಎಸ್‌ಟಿ. ಅಭ್ಯಾಸಬಲದಿಂದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕುವವರು ಬಹಳ. ಹಿಂದಿನ ವರ್ಷದ ಟಿಪ್ಪಣಿಯನ್ನೇ ಓದಿಕೊಂಡು ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12 ಮತ್ತು 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು 5ಕ್ಕೋ 18ಕ್ಕೋ ಸರಿದಿವೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಬಾಯಿಪಾಠ ಮಾಡಿದ್ದ ಟಿಡಿಎಸ್ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, 'ಅಸೆಸ್‌ಮೆಂಟ್ ಇಯರ್' ಹೋಗಿ 'ತೆರಿಗೆ ವರ್ಷ' ಬಂದಿದೆ. ಹತ್ತು ವರ್ಷ ಅನುಭವ ಇರುವವರೂ ಇದನ್ನು ಈಗ ಹೊಸದಾಗಿ ಕಲಿಯುತ್ತಿದ್ದಾರೆ. ಕೆಳಹಂತದಲ್ಲಿ ಕೆಲಸ ಹುಡುಕುವವರಿಗೆ ಇಂಥ ಅನುಕೂಲ ಪದೇಪದೇ ಸಿಗುವುದಿಲ್ಲ.

ಒಂದು ತಪ್ಪು ಮಾತ್ರ ಮಾಡಬೇಡಿ. ಅನುಭವ ತೋರಿಸಲೆಂದು ಹಳೆಯ ಸಂಸ್ಥೆಯ ಟ್ಯಾಲಿ ಬ್ಯಾಕಪ್, ಎಕ್ಸೆಲ್ ಹಾಳೆಗಳನ್ನು ಪೆನ್‌ಡ್ರೈವ್‌ನಲ್ಲಿ ತರುವುದು. ಕಾನೂನಿನ ತೊಂದರೆ ಒಂದು ಕಡೆ ಇರಲಿ, ಅದನ್ನು ನೋಡಿದ ಹೊಸ ಮಾಲೀಕರು "ನಾಳೆ ನಮ್ಮದನ್ನೂ ಹೀಗೇ ಒಯ್ಯುತ್ತಾರೆ" ಎಂದುಕೊಳ್ಳುತ್ತಾರೆ.

"ಎಐ ಬಂದಿದೆ, ಅಕೌಂಟೆಂಟ್‌ಗಳ ಕಥೆ ಮುಗಿಯಿತು"

ಬಿಲ್ಲಿನ ಫೋಟೊ ಹಿಡಿದರೆ ಸಾಕು, ತಾನೇ ನಮೂದು ಮಾಡಿಕೊಳ್ಳುವ ತಂತ್ರಾಂಶಗಳಿವೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ಒಳಕ್ಕೆ ಎಳೆದುಕೊಳ್ಳಬಹುದು. ಬರೀ ಟೈಪ್ ಮಾಡುವ ಕೆಲಸ ಕಡಿಮೆಯಾಗುತ್ತಿದೆ, ಅದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದಿಲ್ಲ.

ಆದರೆ ಇದನ್ನು ನೋಡಿ. ಒಂದು ಲಕ್ಷದ ಸರಕು ಕೊಂಡಿದ್ದೀರಿ, ಶೇ 18ರಂತೆ 18,000 ತೆರಿಗೆ ಕೊಟ್ಟಿದ್ದೀರಿ. ಮಾರಿದವರು ಆ ಬಿಲ್ಲನ್ನು 11ರೊಳಗೆ ತಮ್ಮ ಜಿಎಸ್‌ಟಿಆರ್-1ರಲ್ಲಿ ಹಾಕದಿದ್ದರೆ 14ರಂದು ನಿಮ್ಮ 2ಬಿಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಆ ತಿಂಗಳು 18,000ದ ಇನ್‌ಪುಟ್ ಕ್ರೆಡಿಟ್ ಇಲ್ಲ. 20ರೊಳಗೆ ಅಷ್ಟನ್ನು ಕೈಯಿಂದ ಕಟ್ಟಬೇಕು. ಬಿಲ್ ಕಾಣೆಯಾಗಿದೆ ಎಂದು ತಂತ್ರಾಂಶ ತೋರಿಸಬಹುದು. 9ನೇ ತಾರೀಖೇ ಆ ಸರಬರಾಜುದಾರರಿಗೆ ಫೋನ್ ಹಚ್ಚಿ, "ಸಾರ್, ಹೋದ ತಿಂಗಳೂ ಹೀಗೇ ಆಗಿತ್ತು, ಈ ಸಲ ಹಾಕದಿದ್ದರೆ ಪೇಮೆಂಟ್ ನಿಲ್ಲಿಸಿ ಅಂತ ಯಜಮಾನರು ಹೇಳಿದ್ದಾರೆ" ಎಂದು ಜಗಳವಾಗದಂತೆ ಒತ್ತಾಯಿಸುವುದು ಮನುಷ್ಯರ ಕೆಲಸ. ಇಂಥ ಕೆಲಸ ಮಾಡಿದ್ದರೆ ಸಂದರ್ಶನದಲ್ಲಿ ಮೊದಲು ಹೇಳಬೇಕಾದದ್ದು ಅದನ್ನೇ.

ಮಧ್ಯದ ಖಾಲಿ ತಿಂಗಳನ್ನು ಮುಚ್ಚಿಡಬೇಕೇ?

ಮುಚ್ಚಿಡಲು ಆಗುವುದಿಲ್ಲ. ಯುಎಎನ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ರೆಸ್ಯೂಮೆಯಲ್ಲಿ ಬೇರೆ ತಿಂಗಳು ಬರೆದರೆ ಸಿಕ್ಕಿಬೀಳುವುದು ಕೆಲಸ ಸಿಕ್ಕ ಮೇಲೆ. ಹಳೆಯ ಸಂಸ್ಥೆ ಬಿಟ್ಟ ದಿನವನ್ನು ನಮೂದಿಸದೇ ಬಿಟ್ಟಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರ ಪೋರ್ಟಲ್‌ನಲ್ಲಿ 'ಮಾರ್ಕ್ ಎಕ್ಸಿಟ್' ಮೂಲಕ ನೀವೇ ಹಾಕಬಹುದು. "ಆರ್ಡರ್ ಕಡಿಮೆಯಾಗಿ ನಾಲ್ವರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬಳು" ಎಂಬ ಉತ್ತರದಲ್ಲಿ ಅವಮಾನದ್ದೇನೂ ಇಲ್ಲ. ಕೇಳುವವರಿಗೂ ಮಾರುಕಟ್ಟೆ ಗೊತ್ತಿರುತ್ತದೆ.

ಕೆಲಸ ಎಲ್ಲಿದೆ?

ದೊಡ್ಡ ಜಾಲತಾಣಗಳಲ್ಲಿ ಒಂದೇ ಹುದ್ದೆಗೆ ಲೆಕ್ಕವಿಲ್ಲದಷ್ಟು ಅರ್ಜಿ ಬೀಳುತ್ತವೆ. ಕೇಂದ್ರ ಸರ್ಕಾರದ ಎನ್‌ಸಿಎಸ್, ರಾಜ್ಯದ ಸ್ಕಿಲ್ ಕನೆಕ್ಟ್ ಉಚಿತ, ಹೆಸರು ಹಾಕಿಡಿ. ಆದರೆ ಈ ಹಂತದ ಕೆಲಸಗಳಲ್ಲಿ ಎಷ್ಟೋ ಜಾಹೀರಾತೇ ಆಗುವುದಿಲ್ಲ. ಹಳೆಯ ಸಂಸ್ಥೆಗೆ ಆಡಿಟ್‌ಗೆ ಬರುತ್ತಿದ್ದ ಹುಡುಗ ಹುಡುಗಿಯರನ್ನು ನೆನಪಿಸಿಕೊಳ್ಳಿ. ನಿಮ್ಮ ಲೆಡ್ಜರ್ ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದು ನಿಮ್ಮ ಮ್ಯಾನೇಜರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹತ್ತಾರು ಗ್ರಾಹಕರ ಅಂಗಡಿ, ಕಾರ್ಖಾನೆಗಳಲ್ಲಿ ಯಾರು ಕೆಲಸ ಬಿಟ್ಟರು, ಎಲ್ಲಿ ಜನ ಬೇಕು ಎಂಬುದೂ ಗೊತ್ತು. ಫೋನ್ ಮಾಡುವುದಾದರೆ 11, 20ನೇ ತಾರೀಖಿನ ಆಸುಪಾಸು ಬೇಡ, ಅಂದು ಅವರು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ತೆರಿಗೆ ಆಡಿಟ್‌ನ ಒತ್ತಡ ಏರುವುದು ಜುಲೈ ನಂತರ, ಆಡಿಟರ್ ಆಫೀಸುಗಳಿಗೆ ಹೆಚ್ಚು ಕೈ ಬೇಕಾಗುವುದೂ ಆಗಲೇ.

ನಮ್ಮ ಓದುಗರಿಗೆ ಕೆಲಸ ಸಿಕ್ಕಿದ್ದು ಹೀಗೆಯೇ, ಏಪ್ರಿಲ್ ಮೂರನೇ ವಾರ, ತುಮಕೂರಿನಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ. ಸಂಬಳ 16,500, ಹಿಂದಿಗಿಂತ ಎರಡು ಸಾವಿರ ಕಡಿಮೆ. ಪೀಣ್ಯದ ಪಿ.ಜಿ. ಬಾಡಿಗೆ ಉಳಿಯುವುದರಿಂದ ನಷ್ಟವಿಲ್ಲ ಎಂದರು. 46,000ದ ದೂರು ಇನ್ನೂ ಕಾರ್ಮಿಕ ಇಲಾಖೆಯಲ್ಲಿದೆ, ಒಂದು ಸಲ ಸಂಸ್ಥೆಯವರು ಬಂದಿದ್ದರು, ಮುಂದಿನ ದಿನಾಂಕ ಕೊಟ್ಟಿದ್ದಾರೆ. 1,499ರ ಸಂದೇಶ ಕಳಿಸಿದ್ದ ಸಂಖ್ಯೆಯಿಂದ ಅವರಿಗೆ ಮತ್ತೊಂದು ಸಂದೇಶ ಬಂದಿದೆಯಂತೆ. ಈ ಸಲ ಶುಲ್ಕ 999.